ಸಪಾಟು ಗೆರೆ

ಪ್ರಬಂಧದ ಮೊದಲ ಪುಟವನ್ನು ಹೆಂಗಾಮೆ ಮೂರು ಸಲ ಓದಿದಳು. ಮೂರು ಸಲವೂ ಅವಳ ಹೆಸರು ಎರಡನೆಯದಾಗಿಯೇ ಇತ್ತು. ಮೊದಲು ಕಿಯುಮರ್ಸ್, ಕೊನೆಯಲ್ಲಿ ಮಾರ್ಗದರ್ಶಕ ಉಸ್ತಾದ್ ಮಲಕೂತಿ, ನಡುವೆ ಅವಳು. ಪುಟದ ಅಡಿಯಲ್ಲಿ ಸಣ್ಣಕ್ಷರಗಳಲ್ಲಿ ಇನ್ನೊಂದು ಸಾಲಿತ್ತು: ‘ಅಳತೆಯ ಕಾರ್ಯದಲ್ಲಿ ನೆರವಾದವರು ಎರಡನೆಯ ಲೇಖಕಿ.’

ನೆರವಾದವರು! ಎರಡು ವರ್ಷ ಹತ್ತು ತಿಂಗಳು ಆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮುಂದೆ ಕಣ್ಣು ಕೀಲಿಸಿ ಕೂತವಳು ಅವಳು. ಕೂದಲೆಳೆಯ ಎಂಟು ಸಾವಿರದಲ್ಲೊಂದು ಪಾಲಿನಷ್ಟು ತೆಳ್ಳನೆಯ ಇಂಗಾಲದ ಕೊಳವೆಗಳನ್ನು, ಟಂಗ್‌ಸ್ಟನ್ ಸೂಜಿಯ ಮೊನೆಗೆ ಒಂದೊಂದಾಗಿ ಅಂಟಿಸಿದವಳು ಅವಳು. ನಲವತ್ತೊಂದು ಕೊಳವೆಗಳಲ್ಲಿ ಮೂವತ್ತೆಂಟು ಮುರಿದುಹೋದವು. ಒಂದೊಂದು ಮುರಿದಾಗಲೂ ಪ್ರಯೋಗಾಲಯದ ಮೂಲೆಯಿಂದ ಕಿಯುಮರ್ಸನ ಕೊಂಕು ನಗೆ ಕೇಳಿಸುತ್ತಿತ್ತು. “ಅಬಾದಾನಿನವರ ಕೈಯಲ್ಲಿ ಗಟ್ಟಿಯಾಗಿ ನಿಲ್ಲೋದು ಬಡಾಯಿ ಒಂದೇ ಕಣ್ರೀ,” ಎನ್ನುತ್ತಿದ್ದ. ಹೆಂಗಾಮೆಯ ಹುಟ್ಟೂರು ಅಬಾದಾನ್. ಆ ಊರಿನವರ ಬಡಾಯಿಯ ಕಥೆಗಳಿಗೆ ಇಸ್ಫಹಾನಿನಲ್ಲಿ ಎಂದೂ ಬರವಿರಲಿಲ್ಲ.

ಅವಳು ಕಾಗದವನ್ನು ಮಡಿಸಿ, ಅವನು ಕುಳಿತಿದ್ದ ಮೇಜಿನ ಮೇಲೆ ಎಸೆದಳು.

“ಇದೇನ್ರೀ ಇದು?”

ಕಿಯುಮರ್ಸ್ ತಲೆ ಎತ್ತಲಿಲ್ಲ. ಅವನದು ಗಣಕದ ಮುಂದಿನ ಕೆಲಸ. ಕೊಳವೆಗಳ ಪರಮಾಣುಗಳನ್ನು ಲೆಕ್ಕದಲ್ಲಿ ಓಡಿಸಿ ನೋಡುವುದು. “ಪ್ರಬಂಧ. ಹೋದ ವಾರ ಪತ್ರಿಕೆಗೆ ಹೋಯ್ತು. ಉಸ್ತಾದ್ ನಿಮಗೆ ಹೇಳಿಲ್ವಾ?”

“ಅಳತೆಯ ಗೆರೆ ನಂದು. ಕೊಳವೆ ನಂದು. ಹೆಸರು ಮಾತ್ರ ನಿಮ್ದಾ?”

“ನೀವೇ ಕೊಟ್ರಲ್ಲ.” ಅವನು ಫೋನು ತೆಗೆದು, ಬೆರಳಿನಿಂದ ಸರಿಸಿ ಸರಿಸಿ, ಪರದೆಯನ್ನು ಅವಳ ಮುಖಕ್ಕೆ ಹಿಡಿದ. ಆಜರ್ ತಿಂಗಳ ಏಳನೆಯ ದಿನ, ಮಧ್ಯಾಹ್ನ. ಅವಳು ಕಳಿಸಿದ ಗೆರೆಯ ಚಿತ್ರ. ಕೆಳಗೆ ಅವನ ಮಾತು: ‘ಅಬ್ಬ, ಎಷ್ಟು ಚೆನ್ನಾಗಿದೆ!’ ಅದರ ಕೆಳಗೆ ಅವಳ ಉತ್ತರ: ‘ನಿಮಗೇ ಪೇಷ್‌ಕಶ್,’ ಅಂದರೆ ನಿಮಗೇ ಕಾಣಿಕೆ.

ಹೆಂಗಾಮೆಗೆ ಮೊದಲು ನಗು ಬಂತು. ನಕ್ಕ ಮೇಲೆ ಮೈಯೆಲ್ಲ ಉರಿಯಿತು.

“ರೀ, ಬುದ್ಧಿ ಇದೆಯೇನ್ರೀ? ಯಾರಾದ್ರೂ ನಿಮ್ಮ ಶಾಲು ಚೆನ್ನಾಗಿದೆ ಅಂದ್ರೆ ಪೇಷ್‌ಕಶ್ ಅಂತೀರಿ. ಶಾಲು ಹೊದ್ಕೊಂಡು ಹೋದವರನ್ನ ಯಾವತ್ತಾದ್ರೂ ನೋಡಿದ್ದೀರಾ? ಟ್ಯಾಕ್ಸಿಯವನು ದುಡ್ಡು ಬೇಡ, ಪೇಷ್‌ಕಶ್ ಅಂತಾನೆ. ನೀವು ಕೊಡದೆ ಇಳಿದು ಹೋಗ್ತೀರಾ?”

“ಟ್ಯಾಕ್ಸಿಯವನು ಬರವಣಿಗೆಯಲ್ಲಿ ಕೊಡಲ್ಲ.” ಕಿಯುಮರ್ಸ್ ಈಗ ತಲೆ ಎತ್ತಿದ. ನುಣ್ಣಗೆ ಕ್ಷೌರ ಮಾಡಿದ, ಅಂಗಡಿಯಲ್ಲಿ ಜೋಡಿಸಿಟ್ಟಂತಹ ಮುಖ. “ನಾನು ಇಸ್ಫಹಾನಿನವನು. ಕೊಟ್ಟಿದ್ದನ್ನ ಬಿಡೋ ಜನ ಅಲ್ಲ ನಾವು.”

“ಗೊತ್ತು ಬಿಡಿ. ಬಾಗಿಲಿಗೆ ಕಾಲು ಅಡ್ಡ ಇಟ್ಕೊಂಡು ‘ಒಳಗೆ ಬನ್ನಿ, ಒಳಗೆ ಬನ್ನಿ’ ಅನ್ನೋ ಜನ.”

“ನಿಮ್ಮ ಗೆರೆ ಬರೀ ಗೆರೆ, ಹೆಂಗಾಮೆ ಖಾನುಂ. ಅದು ಯಾಕೆ ಸಪಾಟಾಗಿದೆ ಅಂತ ಹೇಳಿದ್ದು ನನ್ನ ಲೆಕ್ಕ. ನೀವು ಕಲ್ಲು ಸಿಕ್ತು ಅಂದ್ರಿ. ಅದು ಫಿರೋಜಾ ರತ್ನ ಅಂದವನು ನಾನು.”

ಆ ಮಾತಿನಲ್ಲಿ ಎಳ್ಳಷ್ಟು ಸತ್ಯವಿತ್ತು. ಅದಕ್ಕೇ ಅದು ಚುಚ್ಚಿತು.

ವಿಷಯ ಇಷ್ಟೇ. ಆ ಕೊಳವೆಗಳು ಒಂದರೊಳಗೊಂದು ಸೇರಿರುತ್ತವೆ. ಹೊರಗಿನದನ್ನು ಹಿಡಿದು ಒಳಗಿನದನ್ನು ಎಳೆದರೆ ಅದು ಜಾರಿ ಬರುತ್ತದೆ. ಬಿಟ್ಟರೆ ತಾನೇ ಒಳಕ್ಕೆ ನುಗ್ಗುತ್ತದೆ. ಎಳೆಯುವಾಗಿನ ಬಲ ಒಂದು, ಮರಳುವಾಗಿನ ಬಲ ಇನ್ನೊಂದು. ಎರಡರ ನಡುವಿನ ಅಂತರದ ಅರ್ಧವೇ ಘರ್ಷಣೆ. ಗೋಡೆಗೆ ಗೋಡೆ ಎಷ್ಟು ಉದ್ದ ತಾಗಿದೆಯೋ ಅಷ್ಟು ಘರ್ಷಣೆ ಎಂದು ಉಸ್ತಾದ್ ಮಲಕೂತಿ ಹನ್ನೆರಡು ವರ್ಷಗಳಿಂದ ಬರೆಯುತ್ತ ಬಂದಿದ್ದರು. ಅದು ನಿಜವಾಗಿದ್ದರೆ ಒಳಗೊಳವೆ ಹೊರಬಂದಷ್ಟೂ ಅಂತರ ಕಿರಿದಾಗಬೇಕು, ಗೆರೆ ಇಳಿಜಾರಾಗಬೇಕು. ಹೆಂಗಾಮೆಯ ಮೂರು ಕೊಳವೆಗಳೂ ಇಳಿಯಲಿಲ್ಲ. ಮೊದಲಿನಿಂದ ಕೊನೆಯವರೆಗೆ ಅಂತರ ಒಂದೇ ಅಗಲ, ಮೇಜಿನಂತೆ ಸಪಾಟು. ಮೈಗೆ ಮೈ ಉಜ್ಜಿದ ಕಡೆ ಘರ್ಷಣೆಯೇ ಇರಲಿಲ್ಲ. ಇದ್ದದ್ದೆಲ್ಲ ಕೊಳವೆಯ ಬಾಯಲ್ಲಿ, ಕೈಗೆ ಕೈ ಸಿಗದೆ ತುದಿಯಲ್ಲಿ ನಿಂತ ಕೆಲವೇ ಪರಮಾಣುಗಳಲ್ಲಿ. ಆ ತುದಿಯ ಪರಮಾಣುಗಳನ್ನು ಲೆಕ್ಕದಲ್ಲಿ ತೋರಿಸಿದವನು ಕಿಯುಮರ್ಸ್. ಆದರೆ ತೋರಿಸಿದ್ದು ಅವಳ ಗೆರೆಯನ್ನು ನೋಡಿದ ಮೇಲೆ. ಅದಕ್ಕೆ ಮೊದಲು ಅವನ ಲೆಕ್ಕವೂ ಉಸ್ತಾದರ ಇಳಿಜಾರನ್ನೇ ವಿಧೇಯವಾಗಿ ಇಳಿಯುತ್ತಿತ್ತು.

ಹೆಸರಿನ ಹಟ ಅವಳಿಗೆ ಬರಿಯ ಹಟವಾಗಿರಲಿಲ್ಲ. ಮೊದಲ ಹೆಸರಿನ ಒಂದು ಪ್ರಬಂಧವಿಲ್ಲದೆ ವಿಶ್ವವಿದ್ಯಾಲಯ ಯಾರನ್ನೂ ಪಿಎಚ್.ಡಿ.ಯ ಅಂತಿಮ ಪರೀಕ್ಷೆಗೆ ಕೂರಿಸುತ್ತಿರಲಿಲ್ಲ. ಅವಳ ಅವಧಿ ಇಸ್ಫಂದ್ ತಿಂಗಳ ಕೊನೆಗೆ, ನೌರೋಜಿನ ಹೊಸವರ್ಷಕ್ಕೆ ಮುಂಚೆ, ಮುಗಿಯುತ್ತಿತ್ತು. ಅಲ್ಲಿಂದಾಚೆಗೆ ಅವಳು ವಿದ್ಯಾರ್ಥಿನಿಯಲ್ಲ. ಐದು ವರ್ಷ ನೀರಿಗೆ ಬಿದ್ದಂತೆ. ಮುರಿಯದೆ ಉಳಿದಿರುವ ಸಿಲಿಕಾನ್ ಪಟ್ಟಿಗಳೂ, ಅಂದರೆ ಎಷ್ಟು ಬಾಗಿತೋ ಅಷ್ಟು ಬಲವೆಂದು ತಿಳಿಸುವ ಆ ಸಣ್ಣ ಪಟ್ಟಿಗಳೂ, ಎರಡೇ ಇದ್ದವು. ದುಬೈನಿಂದ, ನಿರ್ಬಂಧಗಳ ಕಣ್ಣು ತಪ್ಪಿಸಿ, ಯಾರದೋ ಪೆಟ್ಟಿಗೆಯಲ್ಲಿ ಅಡಗಿಕೊಂಡು ಬರಬೇಕಾಗಿದ್ದ ಹೊಸವು ಆರು ತಿಂಗಳಿಂದ ಬಂದಿರಲಿಲ್ಲ. ಇನ್ನೊಂದು ಪ್ರಬಂಧದ ಮಾತು ಕನಸು.

ಅವಳು ವಿಶ್ವವಿದ್ಯಾಲಯದ ಸಮಿತಿಗೆ ದೂರು ಬರೆದಳು. ಬರೆದ ಮರುದಿನವೇ ಉಸ್ತಾದರಿಂದ ಕರೆ ಬಂತು.

ಮಲಕೂತಿಯವರ ಕೋಣೆ ಬೆಚ್ಚಗಿತ್ತು. ಮೇಜಿನ ಮೇಲೆ ಹಣ್ಣಿನ ತಟ್ಟೆ. ಅವರು ಒಂದು ಕಿತ್ತಳೆಯನ್ನು ಸುಲಿಯುತ್ತಿದ್ದರು. ಸುಲಿದು, ತೊಳೆಗಳನ್ನು ಬಿಡಿಸಿ, ತಟ್ಟೆಯನ್ನು ಅವಳತ್ತ ಸರಿಸಿದರು.

“ತಗೋ ಮಗಳೇ.”

“ಬೇಡ ಉಸ್ತಾದ್, ನಿಮ್ಮ ದಯೆ.”

“ತಗೋ ತಗೋ.”

“ಖಂಡಿತ ಬೇಡ, ಈಗ ತಾನೇ ಊಟ ಆಯ್ತು.”

“ನನ್ನಾಣೆ, ಒಂದಾದ್ರೂ ತಗೋ.”

ಮೂರನೆಯ ಸಲಕ್ಕೆ ಅವಳು ಒಂದು ತೊಳೆಯನ್ನು ತೆಗೆದುಕೊಂಡಳು. ಊಟವಾಗಿರಲಿಲ್ಲ. ಹಾಗೆ ಎರಡು ಸಲ ಬೇಡವೆನ್ನದೆ ಕೈ ನೀಡುವವರನ್ನು ಆ ನಾಡಿನಲ್ಲಿ ಸರಿಯಾಗಿ ಸಾಕಿಲ್ಲವೆನ್ನುತ್ತಾರೆ.

“ದೂರನ್ನ ವಾಪಸ್ ತಗೋ,” ಎಂದರು ಮಲಕೂತಿ, ಅದೇ ದನಿಯಲ್ಲಿ.

“ತಗೊಂಡ್ರೆ ನನ್ನ ಪರೀಕ್ಷೆ?”

“ಕಿಯುಮರ್ಸ್ ಅಧ್ಯಾಪಕನ ಜಾಗಕ್ಕೆ ಅರ್ಜಿ ಹಾಕಿದಾನೆ. ಅದರ ಗಡುವೂ ಇಸ್ಫಂದ್‌ಗೇ ಮುಗಿಯುತ್ತೆ. ಅವನಿಗೂ ಮೊದಲ ಹೆಸರು ಬೇಕು. ಅವನು ಈ ವಿಭಾಗದ ಮುಂದಿನ ಮೂವತ್ತು ವರ್ಷ. ನೀನು? ನಾಳೆ ಕೆನಡಾಕ್ಕೆ ಹೋಗ್ತೀಯ, ಇಲ್ಲಾ ಮದುವೆ ಆಗ್ತೀಯ.”

“ನಾನು ಎಲ್ಲಿಗೂ ಹೋಗ್ತೀನಿ ಅಂದಿಲ್ಲ.”

“ಎಲ್ಲರೂ ಹೋಗ್ತಾರೆ.” ಅವರು ಕೈ ಒರೆಸಿಕೊಂಡರು. “ಇನ್ನೊಂದು ಮಾತು ಹೇಳ್ತೀನಿ, ಕೇಳು. ಒಂದು ಅಳತೆ ಬಂದು ನನ್ನ ಹನ್ನೆರಡು ವರ್ಷ ತಪ್ಪು ಅಂದ್ರೆ, ಲೋಕ ನಗುತ್ತೆ. ಅದೇ ನಮ್ಮ ಲೆಕ್ಕವೇ ಬೆಳೆದು ಇಲ್ಲಿಗೆ ಬಂತು, ಅಳತೆ ಅದನ್ನ ಒಪ್ತು ಅಂದ್ರೆ, ಅದು ನಮ್ಮ ಮನೆಯ ಕೀರ್ತಿ. ಮೊದಲು ಯಾರ ಹೆಸರು ಅನ್ನೋದರ ಮೇಲೆ ಕಥೆ ಬದಲಾಗುತ್ತೆ.”

“ಕಥೆ ಬದಲಾದ್ರೂ ಕೊಳವೆ ಬದಲಾಗಲ್ಲ ಉಸ್ತಾದ್.”

ಅವರು ಮುಂದಕ್ಕೆ ಬಾಗಿ ಅವಳನ್ನು ನೋಡಿದರು. ಹೀಗೆ ಹತ್ತಿರದಿಂದ, ಮುಚ್ಚುಮರೆಯಿಲ್ಲದ ದ್ವೇಷವನ್ನು ಅವಳು ಅವರ ಕಣ್ಣಿನಲ್ಲಿ ಎಂದೂ ಕಂಡಿರಲಿಲ್ಲ. ಕಂಡದ್ದರಿಂದ ಒಂದು ರೀತಿಯ ಹಗುರವೇ ಆಯಿತು. ಇಷ್ಟು ವರ್ಷ ಅದು ಬೂದಿ ಮುಚ್ಚಿದ ಕೆಂಡವಾಗಿತ್ತು.

“ಕೊಟ್ಟಿದ್ದೀಯ ಅಂತ ನಿನ್ನ ಬರವಣಿಗೆಯೇ ಇದೆ. ಸಮಿತಿಯಲ್ಲಿ ಮಾನ ಕಳ್ಕೋತೀಯ,” ಎಂದರು. “ಇನ್ನೊಂದು ತೊಳೆ ತಗೋ.”

ಸಮಿತಿ ಸೇರಿದ್ದು ಇಸ್ಫಂದಿಗೆ ಮುಂಚಿನ ಬಹಮನ್ ತಿಂಗಳ ಒಂದು ಬೆಳಿಗ್ಗೆ. ಅಧ್ಯಕ್ಷೆ ರಸಾಯನಶಾಸ್ತ್ರದ ಡಾಕ್ಟರ್ ತವಾನ್‌ಗರ್. ಅರವತ್ತು ದಾಟಿದ, ಮೂಗಿನ ತುದಿಗೆ ಕನ್ನಡಕ ಜಾರಿಸಿಕೊಂಡ, ಯಾರ ಮೇಲೂ ವಿಶೇಷ ಪ್ರೀತಿಯಿಲ್ಲದ ಹೆಂಗಸು. ಅವರ ಎಡಬಲಕ್ಕೆ ಇಬ್ಬರು ಪ್ರಾಧ್ಯಾಪಕರು. ಮೇಜಿನ ತುದಿಯಲ್ಲಿ ನಡಾವಳಿ ಬರೆದುಕೊಳ್ಳುವ ಗುಮಾಸ್ತ. ಒಂದು ಬದಿಗೆ ಮಲಕೂತಿ ಮತ್ತು ಕಿಯುಮರ್ಸ್, ಅವರೆದುರು ಒಬ್ಬಳೇ ಹೆಂಗಾಮೆ.

ಕಿಯುಮರ್ಸ್ ಎದ್ದು ನಿಂತು ಫೋನನ್ನು ಅಧ್ಯಕ್ಷೆಯ ಮುಂದಿಟ್ಟ. ಡಾಕ್ಟರ್ ತವಾನ್‌ಗರ್ ಓದಿದರು. ಪಕ್ಕದವರಿಗೆ ದಾಟಿಸಿದರು. ಒಬ್ಬ ಪ್ರಾಧ್ಯಾಪಕರು ಮೀಸೆಯೊಳಗೆ ನಕ್ಕರು.

“ಇದನ್ನ ಬರೆದವರು ನೀವೇನಾ, ಖಾನುಂ?”

“ನಾನೇ.”

“ಪೇಷ್‌ಕಶ್ ಅಂದ್ರಿ.”

“ಅಂದೆ. ಮರ್ಯಾದೆಗೆ.”

“ಮರ್ಯಾದೆಗೆ ಅಂದಿದ್ದು ಅಂತ ಅವರಿಗೆ ಹೇಗೆ ಗೊತ್ತಾಗಬೇಕು?” ಎಂದು ಮೀಸೆಯವರು ಕೇಳಿದರು. ಪ್ರಶ್ನೆ ಎಷ್ಟು ಅರ್ಥಹೀನವೆಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಕೇಳಿದವರಿಗೂ. ಆದರೆ ಗುಮಾಸ್ತ ಅದನ್ನು ಬರೆದುಕೊಂಡ. ಬರೆದ ಮೇಲೆ ಅದು ಪ್ರಶ್ನೆಯಾಯಿತು.

“ಅವರೂ ಈ ದೇಶದಲ್ಲೇ ಹುಟ್ಟಿದ್ದಾರೆ ಅಂದ್ಕೊಂಡಿದ್ದೆ,” ಎಂದಳು ಹೆಂಗಾಮೆ.

“ಅಬಾದಾನಿನ ಬಾಯಿ,” ಎಂದು ಕಿಯುಮರ್ಸ್ ಗೊಣಗಿದ, ಕೇಳಿಸುವಷ್ಟೇ ಜೋರಾಗಿ. “ಮೂವತ್ತೆಂಟು ಕೊಳವೆ ಮುರಿದ ಕೈ, ಇನ್ನೂ ಮುರಿಯದ ಬಾಯಿ.”

“ಉಳಿದ ಮೂರನ್ನ ಕದ್ದ ಕೈ ಯಾರದು?”

“ಸಾಕು,” ಎಂದರು ಅಧ್ಯಕ್ಷೆ.

ಆಗ ಮಲಕೂತಿ ಗಂಟಲು ಸರಿಪಡಿಸಿಕೊಂಡರು. ಅವರು ಈ ಗಳಿಗೆಗಾಗಿಯೇ ಕಾದಿದ್ದರೆಂಬುದು ಅವರ ಕೈಗಳಿಂದಲೇ ತಿಳಿಯುತ್ತಿತ್ತು. ಮೇಜಿನ ಮೇಲೆ, ಭೋಜನಕ್ಕೆ ಕರೆಯುವ ಯಜಮಾನನ ಕೈಗಳಂತೆ, ಅವು ಮೆಲ್ಲನೆ ತೆರೆದುಕೊಂಡವು. ಸೋತ ಹುಡುಗಿಯ ಮೇಲೆ ಔದಾರ್ಯದ ಒಂದು ಹೂವು ಎಸೆದರೆ, ಅವಳು ಬೇಡವೆನ್ನುತ್ತಾಳೆ. ಗುಮಾಸ್ತ ‘ದೂರುದಾರೆಯೇ ನಿರಾಕರಿಸಿದರು’ ಎಂದು ಬರೆಯುತ್ತಾನೆ. ಕಡತ ಮುಚ್ಚುತ್ತದೆ. ಇಂತಹ ಎಷ್ಟೋ ಕಡತಗಳನ್ನು ಅವರು ಹಾಗೆ ಮುಚ್ಚಿದ್ದರು.

“ಖಾನುಂ ಡಾಕ್ಟರ್, ಒಂದು ಮನೆಯ ಮಕ್ಕಳು ಒಂದು ಹೆಸರಿಗಾಗಿ ಹೀಗೆ ಕಚ್ಚಾಡೋದು ನನಗೆ ನಾಚಿಕೆ. ಹೆಸರು ಅಂದ್ರೆ ಏನು? ಮಣ್ಣು. ಹೆಂಗಾಮೆ ನನ್ನ ಮಗಳು. ಮೊದಲ ಹೆಸರು ಅವಳದೇ ಇರಲಿ. ನನ್ನ ಕಣ್ಣಾಣೆ, ಮನಸಾರೆ ಹೇಳ್ತಿದೀನಿ. ಏನಂತೀಯ ಕಿಯುಮರ್ಸ್, ನನ್ನ ಜಾನ್?”

ಕಿಯುಮರ್ಸ್ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದ. ತುಟಿಯಂಚಿನಲ್ಲಿ ಗೆಲುವಿನ ಸಣ್ಣ ಸುಕ್ಕು. “ಅದಕ್ಕೇನು ಉಸ್ತಾದ್? ಪ್ರಬಂಧ ಏನು, ನನ್ನ ಪ್ರಾಣವೇ ಹೋಗ್ಲಿ. ಖಾನುಂಗೇ ಪೇಷ್‌ಕಶ್.”

ಕೋಣೆ ಹೆಂಗಾಮೆಯತ್ತ ತಿರುಗಿತು. ಈಗ ಅವಳು ಏನು ಹೇಳಬೇಕೆಂಬುದು ಅಲ್ಲಿದ್ದ ಏಳು ಜನರಿಗೂ ತಾಯಿಹಾಲಿನೊಂದಿಗೆ ಬಂದ ಪಾಠ. ‘ಅಯ್ಯೋ ಎಲ್ಲಾದರೂ ಉಂಟೆ, ಉಸ್ತಾದರ ಇಷ್ಟವೇ ನನ್ನ ಇಷ್ಟ.’ ಆ ಮಾತು ನಾಲಿಗೆಯ ಮೇಲೆ ತಾನಾಗಿಯೇ ಬಂದು ಕುಳಿತಿತು. ಅದನ್ನು ನುಂಗುವುದು ಕಿಚ್ಚನ್ನು ನುಂಗಿದಷ್ಟು ಕಷ್ಟವಾಯಿತು. ಗುಮಾಸ್ತ ಪೆನ್ನು ಎತ್ತಿ ಕಾಯುತ್ತಿದ್ದ.

“ಆಗ್ಲಿ,” ಎಂದಳು. “ತಗೊಂಡೆ.”

ಗುಮಾಸ್ತ ಪೆನ್ನು ಇಳಿಸಿ ಅಧ್ಯಕ್ಷೆಯ ಮುಖ ನೋಡಿದ.

“ಏನಂದ್ರಿ?” ಎಂದರು ಅಧ್ಯಕ್ಷೆ.

“ಕೊಟ್ರು, ತಗೊಂಡೆ. ಬರ್ಕೊಳ್ಳಿ ಸಾಹೇಬ್ರೇ,” ಎಂದು ಅವಳು ಗುಮಾಸ್ತನಿಗೆ ಹೇಳಿದಳು. “ಉಸ್ತಾದರೂ ಕೊಟ್ರು, ಕಿಯುಮರ್ಸ್ ಅವರೂ ಕೊಟ್ರು. ಮೊದಲ ಹೆಸರು ನಂದು.”

ಕಿಯುಮರ್ಸನ ಕೈ ಇನ್ನೂ ಎದೆಯ ಮೇಲೆಯೇ ಇತ್ತು. ಅದನ್ನು ಅಲ್ಲಿ ಮರೆತವನಂತೆ ಅವನು ಸುತ್ತಲೂ ನೋಡಿದ. “ಅದು... ರೀ, ಅದು ಮರ್ಯಾದೆಗೆ ಅಂದ ಮಾತು! ಎದುರಿಗೆ ಕೂತವರಿಗೆ ಹಾಗೆ ಹೇಳೋದು ವಾಡಿಕೆ. ನಿಜವಾಗ್ಲೂ ತಗೋತಾರಾ ಯಾರಾದ್ರೂ?”

ಮಾತು ಬಾಯಿಂದ ಬಿದ್ದ ಮೇಲೆ ಅವನಿಗೇ ಕೇಳಿಸಿತು. ಮುಖದ ಬಣ್ಣ ಇಳಿಯಿತು. ಡಾಕ್ಟರ್ ತವಾನ್‌ಗರ್ ಕನ್ನಡಕವನ್ನು ಮೇಲಕ್ಕೆ ತಳ್ಳಿ, ಅವನ ಫೋನನ್ನು ಎರಡು ಬೆರಳಿನಿಂದ ಅವನತ್ತ ಸರಿಸಿದರು.

“ಹಾಗಾದ್ರೆ ಎರಡರಲ್ಲಿ ಒಂದು ಆರಿಸ್ಕೊಳ್ಳಿ, ಮಗಾ. ಪೇಷ್‌ಕಶ್ ಅಂದ್ರೆ ಕೊಟ್ಟ ಹಾಗೆ ಅನ್ನೋದಾದ್ರೆ, ನೀವು ಈಗ ನಮ್ಮೆಲ್ಲರ ಮುಂದೆ ಕೊಟ್ರಿ. ಕೊಟ್ಟ ಹಾಗಲ್ಲ ಅನ್ನೋದಾದ್ರೆ, ಅವಳೂ ನಿಮಗೆ ಆಜರ್‌ನಲ್ಲಿ ಏನೂ ಕೊಟ್ಟಿಲ್ಲ. ಯಾವುದು ಬರೀಬೇಕು?”

ಕಿಯುಮರ್ಸ್ ಕುಳಿತುಕೊಂಡ. ಮೀಸೆಯವರು ಈ ಸಲ ನಗುವನ್ನು ಮೀಸೆಯೊಳಗೆ ಇಟ್ಟುಕೊಳ್ಳುವ ಗೋಜಿಗೆ ಹೋಗಲಿಲ್ಲ.

ನಗದೆ ಇದ್ದವರು ಮಲಕೂತಿ. ಅವರು ತಮ್ಮ ಕಾಗದಗಳನ್ನು ಒಂದರ ಮೇಲೊಂದು ಜೋಡಿಸಿದರು. “ಒಳ್ಳೇದು. ಬರೀರಿ, ಮೊದಲ ಹೆಸರು ಇವಳದು. ಜೊತೆಗೆ ಇದನ್ನೂ ಬರೀರಿ: ನನ್ನ ಹೆಸರು ತೆಗೀಬೇಕು. ಇಂಥ ಪ್ರಬಂಧದಲ್ಲಿ ನಾನಿರಲ್ಲ.”

ಮಾರ್ಗದರ್ಶಕರ ಹೆಸರಿಲ್ಲದ ಪ್ರಬಂಧವನ್ನು ವಿಶ್ವವಿದ್ಯಾಲಯ ಪರೀಕ್ಷೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮುದುಕ ಬಲ್ಲವನು. ಆ ಕೊಳವೆಯಂತೆಯೇ, ಮೈಯಲ್ಲೆಲ್ಲೂ ತಡೆಯದೆ ಬಿಟ್ಟು, ಬಾಯಲ್ಲಿ ಹಿಡಿದಿದ್ದ.

ಅವಳು ಡಾಕ್ಟರ್ ತವಾನ್‌ಗರರತ್ತ ನೋಡಿದಳು. ಅವರು ಭುಜ ಹಾರಿಸಿದರು. ತಮ್ಮ ಹೆಸರನ್ನು ಹಿಂತೆಗೆಯುವುದು ಯಾರ ಹಕ್ಕಾದರೂ ಹೌದು.

ಮಲಕೂತಿ ಎದ್ದು ನಿಂತಿದ್ದರು. ಆದರೆ ಹೊರಡಲಿಲ್ಲ. ಕೋಟಿನ ಗುಂಡಿಯನ್ನು ಹಾಕಿದರು, ಮತ್ತೆ ಬಿಚ್ಚಿದರು, ಮತ್ತೆ ಹಾಕಿದರು. ಅವಳಿಗೆ ಅರ್ಥವಾಯಿತು. ಆ ಸಪಾಟು ಗೆರೆ ನಿಜವೆಂದು ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಅದು ಲೋಕಕ್ಕೆ ಹೋಗುವಾಗ ತಮ್ಮ ಹೆಸರು ಅದರ ಮೇಲಿರದಿದ್ದರೆ, ಹನ್ನೆರಡು ವರ್ಷದ ಇಳಿಜಾರಿನ ಮೇಲೆ ಅವರೊಬ್ಬರೇ ಉಳಿಯುತ್ತಾರೆ. ಅವರು ಕಾಯುತ್ತಿದ್ದದ್ದು ಅವಳು ಬೇಡಿಕೊಳ್ಳಲೆಂದು. ಎಲ್ಲರೆದುರು, ವಾಡಿಕೆಯಂತೆ.

“ಉಸ್ತಾದ್, ನಿಮ್ಮ ಹೆಸರಿಲ್ಲದೆ ಅದು ಪ್ರಬಂಧವೇ ಅಲ್ಲ,” ಎಂದಳು. ಸೂಕ್ಷ್ಮದರ್ಶಕದ ಸಂಖ್ಯೆಗಳನ್ನು ಓದಿ ಹೇಳುವ ದನಿಯಲ್ಲಿ.

“ಇಲ್ಲ. ಆಗಲ್ಲ.”

“ನಮ್ಮ ತಲೆ ಮೇಲೆ ನಿಮ್ಮ ನೆರಳಿರಲಿ ಉಸ್ತಾದ್. ದಯವಿಟ್ಟು.”

“ಒಂದು ಸಲ ಹೇಳಿದ ಮೇಲೆ ಮುಗೀತು.”

ಎರಡಾಯಿತು. ಮೂರನೆಯದಕ್ಕೆ ಅವಳು ಎದ್ದು ನಿಲ್ಲಬೇಕಾಯಿತು. ಅವರ ಕಣ್ಣನ್ನು ಬಿಡದೆ ನೋಡುತ್ತ, ಒಂದೊಂದು ಪದವನ್ನೂ ಕಲ್ಲಿನಂತೆ ಇಳಿಸಿ ಹೇಳಿದಳು: “ನಾನು ನಿಮ್ಮ ಕಾಲಿನ ಧೂಳು. ಇರಲಿ ಅನ್ನಿ.”

“ನೀನು ಇಷ್ಟು ಹೇಳೋವಾಗ...” ಎಂದರು ಮಲಕೂತಿ. “ಇರ್ಲಿ.”

ಆ ಮೂರರಲ್ಲಿ ಒಂದಕ್ಕೂ ಅರ್ಥವಿರಲಿಲ್ಲವೆಂದು ಇಬ್ಬರೂ ಬಲ್ಲರು. ಗುಮಾಸ್ತ ಬರೆದ: ಉಸ್ತಾದರ ಹೆಸರು ಉಳಿಯತಕ್ಕದ್ದು.

“ಇವತ್ತೇ ತಿದ್ದಿಸಿ,” ಎಂದರು ಡಾಕ್ಟರ್ ತವಾನ್‌ಗರ್, ಅವಳ ಪಕ್ಕ ಹಾದು ಹೋಗುತ್ತ, ಕೆಳದನಿಯಲ್ಲಿ. “ನಾಳೆಗೆ ಬಿಟ್ರೆ ಅವನಿಗೆ ಜ್ವರ ಬರುತ್ತೆ, ಇವರಿಗೆ ಪ್ರವಾಸ ಬರುತ್ತೆ.”

ಪತ್ರಿಕೆಯ ತಾಣಕ್ಕೆ ಹೋಗುವ ಗುಪ್ತಪದ ಇದ್ದದ್ದು ಕಿಯುಮರ್ಸನ ಬಳಿ. ಪ್ರಯೋಗಾಲಯದಲ್ಲಿ ಅವನು ಗಣಕದ ಮುಂದೆ ಕುಳಿತ. ಅವಳು ಅವನ ಬೆನ್ನ ಹಿಂದೆ ನಿಂತಳು. ನಿರ್ವಾತ ಪಂಪು ಗುರುಗುಡುತ್ತಿತ್ತು.

“ಬಹಳ ಖುಷಿಯಾಯ್ತಾ?” ಎಂದ ಅವನು, ಬೆರಳು ಓಡಿಸುತ್ತ. “ಇಡೀ ಕಟ್ಟಡದಲ್ಲಿ ಇನ್ನು ನಿನಗೆ ಒಂದು ಲೋಟ ಚಹಾ ಕೂಡ ಯಾರೂ ಕೊಡಲ್ಲ. ಕೊಟ್ರೆ ಲೋಟಾನೂ ಎತ್ಕೊಂಡು ಹೋಗ್ತೀಯ ಅಂತ ಹೆದರ್ತಾರೆ.”

ಅವನು ಏಕವಚನಕ್ಕೆ ಇಳಿದದ್ದನ್ನು ಅವಳು ಗಮನಿಸಿದಳು. “ಹೆಸರು ಬರಿ.”

ಅವನು ಬರೆದ. ಪರದೆಯ ಮೇಲೆ, ಎಲ್ಲಕ್ಕಿಂತ ಮೊದಲ ಸಾಲಿನಲ್ಲಿ, ಅವಳ ಹೆಸರು ಬಂತು.

“ಒಂದು ಅಕ್ಷರ ಬಿಟ್ಟಿದ್ದೀಯ.”

“ಎಲ್ಲಿ?”

“ಮನೆತನದ ಹೆಸರಲ್ಲಿ. ಆ ಹೆಸರಿಂದ ಹುಡುಕಿದ್ರೆ ನಾನು ಸಿಗಲ್ಲ, ಇನ್ಯಾರೋ ಸಿಗ್ತಾರೆ. ಹಾಕು.”

ಅವನು ಹಲ್ಲು ಕಚ್ಚಿ ಅಕ್ಷರವನ್ನು ಸೇರಿಸಿದ. ಸಣ್ಣಕ್ಷರದ ಆ ‘ನೆರವಾದವರು’ ಸಾಲನ್ನು ಅವಳು ಬೆರಳಿಟ್ಟು ತೋರಿಸಿದಳು, ಅಳಿಸಿದ. ಅಲ್ಲಿ ‘ಅಳತೆ: ಮೊದಲ ಲೇಖಕಿ. ಲೆಕ್ಕ: ಎರಡನೆಯ ಲೇಖಕ’ ಎಂದು ಬರೆಸಿದಳು. ಲೆಕ್ಕ ಅವನದೇ ಆಗಿತ್ತು, ಅದರಲ್ಲಿ ಅವಳಿಗೆ ತಕರಾರಿರಲಿಲ್ಲ.

ಕಿಯುಮರ್ಸ್ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದ. ಎದ್ದವನು, ಹುಟ್ಟಿನಿಂದ ಬಂದ ಅಭ್ಯಾಸಬಲದಿಂದ, ಒಂದು ಕೈಯನ್ನು ಕುರ್ಚಿಯತ್ತ ಚಾಚಿಬಿಟ್ಟ. “ದಯಮಾಡಿ...” ಎಂದವನು ಅರ್ಧದಲ್ಲೇ ಬಾಯಿ ಮುಚ್ಚಿಕೊಂಡ.

ಹೆಂಗಾಮೆ ಕುಳಿತಳು. ಪುಟವನ್ನು ಮೇಲಿನಿಂದ ಕೆಳಗಿನವರೆಗೆ, ಹೆಸರುಗಳನ್ನು, ಚಿತ್ರದ ಅಡಿಟಿಪ್ಪಣಿಯನ್ನು, ಮೂರು ಕೊಳವೆಗಳ ಅಳತೆಯನ್ನು, ಅವನು ಬಾಗಿಲು ಬಡಿದು ಹೊರಟುಹೋದ ಮೇಲೂ ನಿಧಾನವಾಗಿ ಎರಡು ಸಲ ಓದಿ, ಕಳಿಸುವ ಗುಂಡಿಯನ್ನು ಒತ್ತಿದಳು.